ಬೆರಳಿರುವ ಹಣ್ಣು, ಪಕ್ಕದಲ್ಲೊಂದು ಕರಿಬೇವು

ಇವತ್ತಿನ ಸಂಚಿಕೆ ತಿರುಳೇ ಇಲ್ಲದ ಒಂದು ಹಣ್ಣಿನ ಬಗ್ಗೆ. ಬುದ್ಧಾಸ್ ಹ್ಯಾಂಡ್ ಅಂತಾರಲ್ಲ, ಅದು. ನಾವು ಬುದ್ಧನ ಕೈ ಅನ್ನೋಣ. ಹಳದಿ ಬೆರಳುಗಳನ್ನು ಚಾಚಿಕೊಂಡ ಈ ಹಣ್ಣನ್ನು ಮೇಜಿನ ಮೇಲಿಟ್ಟರೆ ಕೋಣೆಯೆಲ್ಲ ಘಮ್ ಅನ್ನುತ್ತೆ. ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಬಾಲ್ಕನಿಯಲ್ಲೂ ಒಂದು ಗಿಡ ಇದೆ, ಕುಂಡದಲ್ಲಿ.

ಅಪರೂಪದ ಹಣ್ಣು ಅನ್ನಿಸಿದರೂ ನೆಂಟಸ್ತನ ನಮಗೆ ಹಳೆಯದು. ಇದು ಮಾದಲದ ಒಂದು ಬಗೆ. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿರೋ ಮಾತುಲುಂಗ ಅಂದ್ರೆ ಮಾದಲವೇ. ಅಂಗಡಿಯಲ್ಲಿ ಸಿಗೋ ದಪ್ಪ ಹಳದಿ ಲೆಮನ್‌ಗೆ ಮಾದಲ ತಂದೆ, ಹುಳಿ ಕಿತ್ತಳೆ ತಾಯಿ.

ಬೆರಳು ಹೇಗೆ ಬಂತು? ಕಿತ್ತಳೆಯ ತೊಳೆ ನೆನಪಿಸಿಕೊಳ್ಳಿ. ಹೂವಿನ ಅಂಡಾಶಯದಲ್ಲಿ ಕಾರ್ಪೆಲ್ ಅನ್ನೋ ಭಾಗಗಳಿರುತ್ತವೆ, ಒಂದೊಂದು ಕಾರ್ಪೆಲ್ ಒಂದೊಂದು ತೊಳೆಯಾಗುತ್ತೆ. ಸಾಮಾನ್ಯವಾಗಿ ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ಸಿಪ್ಪೆಯೊಳಗೆ ಬೆಳೆಯುತ್ತವೆ. ಬುದ್ಧನ ಕೈಯಲ್ಲಿ ಅವು ಪೂರ್ತಿ ಕೂಡಿಕೊಳ್ಳೋದಿಲ್ಲ, ಬೇರೆಬೇರೆಯಾಗಿ ಉದ್ದಕ್ಕೆ ಬೆಳೀತವೆ. ಸಾಮಾನ್ಯವಾಗಿ ರಸವೂ ಇಲ್ಲ, ಬೀಜವೂ ಇಲ್ಲ. ಹಾಗಾಗಿ ಕಡ್ಡಿ ಊರಿ ಅಥವಾ ಕಸಿ ಕಟ್ಟಿಯೇ ಗಿಡ ಮಾಡಬೇಕು. (ಸಿಪ್ಪೆ ತುರಿದು ಚಿತ್ರಾನ್ನಕ್ಕೆ ಕೊನೆಯಲ್ಲಿ ಉದುರಿಸಿ ನೋಡಿ. ಒಳಗಿನ ಬಿಳಿ ಭಾಗ ಅಷ್ಟೇನೂ ಕಹಿ ಇರಲ್ಲ.)

ಸಾಕೋದು ಕಷ್ಟ ಅಲ್ಲ. ನೀರು ನಿಲ್ಲದ ಮಣ್ಣು, ಒಳ್ಳೆ ಬಿಸಿಲು, ಮೇಲಿನ ಒಂದಿಂಚು ಒಣಗಿದ ಮೇಲೆ ನೀರು. ಚಳಿ ಮಾತ್ರ ಇದಕ್ಕೆ ಆಗಲ್ಲ, ಹಿಮ ಬೀಳೋ ಊರುಗಳಲ್ಲಿ ಇರೋರು ಚಳಿಗಾಲಕ್ಕೆ ಕುಂಡವನ್ನು ಒಳಗೆ, ದಕ್ಷಿಣದ ಕಿಟಕಿ ಹತ್ತಿರ ಇಡಿ.

ಎಲೆ ಹಳದಿಯಾದಾಗ ಮಾತ್ರ ಸ್ವಲ್ಪ ಪತ್ತೇದಾರಿಕೆ ಬೇಕು. ಹಳೆ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕ ಕಡಿಮೆ ಇರಬಹುದು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣದ ಕೊರತೆ. ಇಲ್ಲಿನ ಗಡಸು ನಲ್ಲಿ ನೀರಿನಲ್ಲಿ ಇದು ಮಾಮೂಲು. ಇವೆರಡರಲ್ಲೂ ನಡುನರದ ಎಡಬಲ ಒಂದೇ ಥರ ಕಾಣುತ್ತೆ. ಎರಡು ಭಾಗ ಒಂದಕ್ಕೊಂದು ಹೊಂದದೆ, ಮಚ್ಚೆ ಮಚ್ಚೆಯಾಗಿ ಹಳದಿಯಾಗಿದ್ರೆ? ಆಗ ಗೊಬ್ಬರ ಹಾಕ್ತಾ ಕೂರಬೇಡಿ, ಕೌಂಟಿಯ ಕೃಷಿ ಆಯುಕ್ತರ ಕಚೇರಿಗೆ ಫೋನ್ ಮಾಡಿ. ಅದು ಸಿಟ್ರಸ್ ಗ್ರೀನಿಂಗ್ ಇರಬಹುದು.

ಈ ರೋಗದ ಬ್ಯಾಕ್ಟೀರಿಯಾ ಆಹಾರ ಸಾಗಿಸೋ ನಾಳಗಳಲ್ಲಿ ವಾಸ ಮಾಡುತ್ತೆ. ಬಂದ ಮರವನ್ನು ಗುಣಪಡಿಸೋ ಔಷಧಿ ಇಲ್ಲ. ಫ್ಲಾರಿಡಾದಲ್ಲಿ 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು, 2005ರಲ್ಲಿ ಅಲ್ಲಿ ರೋಗ ಪತ್ತೆಯಾಯ್ತು. 2023-24ಕ್ಕೆ ಬೆಳೆ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಚಂಡಮಾರುತಗಳೂ ಸೇರಿಕೊಂಡವು ನಿಜ, ಆದರೆ ಬೆನ್ನು ಮುರಿದದ್ದು ಈ ರೋಗವೇ. ನಮ್ಮ ಕೊಡಗಿನ ಕಿತ್ತಳೆ ಸೊರಗಿದ ಕಾರಣಗಳಲ್ಲೂ ಇದು ಒಂದು. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಹತ್ತಿರದ ಹಸಿಯೆಂಡಾ ಹೈಟ್ಸ್‌ನಲ್ಲಿ. ದೊಡ್ಡ ತೋಟದಲ್ಲಿ ಅಲ್ಲ, ಒಂದು ಮನೆಯ ಹಿತ್ತಲಿನ ಕಸಿ ಮರದಲ್ಲಿ.

ರೋಗವನ್ನು ಹೊತ್ತು ತಿರುಗೋದು ಸಿಲಿಡ್ ಅನ್ನೋ ಮೂರು ನಾಲ್ಕು ಮಿಲಿಮೀಟರಿನ ಕೀಟ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಓರೆಯಾಗಿ ಕೂರುತ್ತೆ. ಎಳೆ ಚಿಗುರೇ ಅದಕ್ಕೆ ಬೇಕು. ಮತ್ತೆ, ನಮಗೆ ಹೊಟ್ಟೆ ಉರಿಯೋ ವಿಷಯ ಇದು: ಕರಿಬೇವಿನ ಚಿಗುರೂ ಆಗುತ್ತೆ! ಕರಿಬೇವಿಗೆ ರೋಗ ಬರಲ್ಲ, ಆದರೆ ಕೀಟ ಅದರ ಮೇಲೆ ಸಂಸಾರ ಮಾಡುತ್ತೆ. 2009ರಲ್ಲಿ ಫ್ರೆಸ್ನೋದಲ್ಲಿ ತಪಾಸಣೆಯ ನಾಯಿಯೊಂದು ಭಾರತದಿಂದ ಬಂದ ಸಾಮಾನಿನಲ್ಲಿ ಕರಿಬೇವನ್ನು ಮೂಸಿ ಹಿಡಿಯಿತು. ಎಲೆಯ ಮೇಲೆ ಸಿಲಿಡ್, ಸಿಲಿಡ್‌ನೊಳಗೆ ಬ್ಯಾಕ್ಟೀರಿಯಾ.

ಆದ್ದರಿಂದ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಕರಿಬೇವಿನ ಸಸಿ, ಅಜ್ಜಿ ಮನೆಯ ಹೇರಳೆ ಕಡ್ಡಿ ಬೇಡ. ಇಲ್ಲೇ ಗೆಳೆಯರ ಮನೆಯಿಂದ ಕಡ್ಡಿ ಮುರಿದು ತಂದು ಕಸಿ ಕಟ್ಟೋದೂ ಬೇಡ, ಯಾಕಂದ್ರೆ ರೋಗ ತಗುಲಿದ ಮರ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತೆ. ಕಸಿ ಹುಚ್ಚು ಇರೋರಿಗೆ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೋಗಪರೀಕ್ಷೆ ಮಾಡಿದ ಕಡ್ಡಿಗಳನ್ನು ಒದಗಿಸೋ ಕಾರ್ಯಕ್ರಮವೇ ಇದೆ. ಉಳಿದವರು ಪರವಾನಗಿ ಇರೋ ನರ್ಸರಿಯಿಂದ ಗಿಡ ತನ್ನಿ, ಲೇಬಲ್ ಎಸೆಯಬೇಡಿ. ಹೊಸ ಚಿಗುರು ಬಂದಾಗಲೆಲ್ಲ ಬುದ್ಧನ ಕೈಯ ಜೊತೆ ಪಕ್ಕದ ಕರಿಬೇವನ್ನೂ ಒಂದು ಭೂತಗನ್ನಡಿ ಹಿಡಿದು ನೋಡಿ. ಮರಿಕೀಟಗಳ ಮೈಯಿಂದ ಬಿಳಿ ಮೇಣದ ಎಳೆಗಳು ಸುರುಳಿಯಾಗಿ ಹೊರಟಿರುತ್ತವೆ, ಒಮ್ಮೆ ಕಂಡರೆ ಮರೆಯಲ್ಲ.