ಕೈಗೆಟುಕುವ ಎತ್ತರದ ತೋಟ

ವ್ಯಾಯಾಮ ಮತ್ತು ಚಲನೆಯ ಅಭ್ಯಾಸಗಳಿಂದ ಕೀಲು, ಸ್ನಾಯುಗಳ ತೊಂದರೆಯನ್ನು ಉಪಶಮನಗೊಳಿಸುವ ವೃತ್ತಿಯಲ್ಲಿ, ಅಂದರೆ ಫಿಸಿಯೋಥೆರಪಿಯಲ್ಲಿ, ಆಯುಷ್ಯ ಕಳೆದವರು ನಿವೃತ್ತಿಯ ನಂತರ ಹಣ್ಣಿನ ತೋಟಕ್ಕೆ ಕೈಹಾಕಿದರೆ ಎಲ್ಲಕ್ಕಿಂತ ಮೊದಲು ಮರದ ಎತ್ತರವನ್ನು ಯೋಚಿಸುವುದು ಸಹಜ. ತಲೆಯ ಮೇಲಕ್ಕೆ ಕೈಯೆತ್ತಿ ಬಹಳ ಹೊತ್ತು ದುಡಿದಾಗ ಸ್ನಾಯುರಜ್ಜುಗಳು, ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ನಾರುಗಳು, ಭುಜದ ಇಕ್ಕಟ್ಟಿನಲ್ಲಿ ಒತ್ತಿಕೊಂಡು ನೋಯತೊಡಗುತ್ತವೆ. ವಯಸ್ಸಿನೊಂದಿಗೆ ದೇಹದ ಸಮತೋಲವೂ ಮೂಳೆಯ ಬಲವೂ ತಗ್ಗುವುದರಿಂದ ಏಣಿ ಹತ್ತಿ, ದೋಟಿ ಹಿಡಿದು ಕಾಯಿ ಕೀಳುವುದು ನಿಜವಾಗಿಯೂ ಅಪಾಯದ ಕೆಲಸ.

ಮರವನ್ನು ಗಿಡ್ಡಾಗಿಡಲು ಬೇಕಾದ ವಿದ್ಯೆ, ಈಗ ಬಡಾವಣೆಗಳು ಒತ್ತಾಗಿ ಬೆಳೆದಿರುವ ಬೆಂಗಳೂರಿನ ಅಬ್ಬಿಗೆರೆಗೆ ಸಮೀಪದಲ್ಲೇ ಇದೆ. ಚಿಕ್ಕಬಾಣಾವರದ ಆಚೆಗಿನ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂಗನಪಲ್ಲಿ ಮತ್ತು ಆಲ್ಫಾನ್ಸೊ (ಬೆಂಗಳೂರಿನ ಮಾರುಕಟ್ಟೆಯ ಬಾದಾಮಿ) ಮಾವುಗಳ ಸಂಕರದಿಂದ ರೂಪಿಸಿದ 'ಅರ್ಕ ಅರುಣ' ಗಿಡ್ಡನೆಯ ತಳಿಯಾಗಿದ್ದು, ಮನೆಯಂಗಳಕ್ಕೂ ಒತ್ತು ನಾಟಿಗೂ ಹೊಂದುತ್ತದೆ. ಮಾವಿನ ಸಸಿಗಳನ್ನು ಹತ್ತು ಮೀಟರ್ ಅಂತರದಲ್ಲಿ ನೆಡುವ ರೂಢಿಯಂತೆ ಎಕರೆಗೆ ಸುಮಾರು 40 ಮರಗಳು ಹಿಡಿಸಿದರೆ, ಐದು ಮೀಟರ್ ಅಂತರದ ಒತ್ತು ನಾಟಿಯಲ್ಲಿ ಸುಮಾರು 160 ಹಿಡಿಸುತ್ತವೆ. ಆದರೆ ಅಷ್ಟು ಒತ್ತಾಗಿ ನೆಟ್ಟ ಮರಗಳನ್ನು ಸವರದೆ ಬಿಟ್ಟರೆ ಕೊಂಬೆಗಳು ಹೆಣೆದುಕೊಂಡು, ಒಳಗೆ ಬಿಸಿಲು ಇಳಿಯದೆ, ಫಸಲು ಮೇಲ್ತುದಿಗೇ ಸೇರಿಬಿಡುತ್ತದೆ.

ಸವರುವಿಕೆ ಈ ತೋಟದ ಮುಖ್ಯ ಕಸುಬು, ತಾಳ್ಮೆಯಿಂದ ಕಲಿಯಬೇಕಾದದ್ದು. ಕಸಿ ಸಸಿ ಮೊಣಕಾಲಿಗಿಂತ ತುಸು ಮೇಲೆ ಬೆಳೆದಾಗಲೇ ಅದರ ಕುಡಿ ಚಿವುಟಿ, ಸುತ್ತಲೂ ಹರಡಿದ ಮೂರು ನಾಲ್ಕು ಕವಲುಗಳನ್ನಷ್ಟೇ ಉಳಿಸಿ, ನಡುವನ್ನು ಬಿಸಿಲಿಗೆ ತೆರೆದಿಡುತ್ತಾರೆ. ಮಾವು ಬಲಿತ ಚಿಗುರಿನ ತುದಿಯಲ್ಲಿ ಹೂ ಬಿಡುವ ಮರವಾದ್ದರಿಂದ ಕೊಯ್ಲು ಮುಗಿದ ಕೂಡಲೇ, ಮುಂಗಾರಿನಲ್ಲಿಯೇ ಸವರಿದರೆ ಮಾತ್ರ ಹೊಸ ಚಿಗುರು ಚಳಿಗಾಲದ ಹೊತ್ತಿಗೆ ಬಲಿಯುತ್ತದೆ. ತಡವಾದರೆ ಮುಂದಿನ ವರ್ಷದ ಹೂವೇ ಕಡಿಮೆಯಾಗುತ್ತದೆ. ಸೀಬೆಯ ಸ್ವಭಾವ ಬೇರೆ: ಅದು ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಸವರಿದಷ್ಟೂ ಚಿಗುರುತ್ತದೆ, ಹಣ್ಣು ಎದೆಯೆತ್ತರದಲ್ಲೇ ಸಿಗುತ್ತದೆ. ಅದೇ ಸಂಸ್ಥೆ ಅಲಹಾಬಾದ್ ಸಫೇದದ ಸಸಿಗಳಿಂದ ಆಯ್ದ, ಮೆದು ಬೀಜದ 'ಅರ್ಕ ಮೃದುಲ' ಸಣ್ಣ ತೋಟಕ್ಕೆ ಒಳ್ಳೆಯ ಆಯ್ಕೆ.

ಉಳಿದ ಕೆಲಸಗಳಿಗೂ ದೇಹಶಾಸ್ತ್ರದ ಅರಿವು ಒದಗುತ್ತದೆ. ಪಾತಿಯ ಕಳೆಯನ್ನು ಕುಕ್ಕರಗಾಲಿನಲ್ಲಿ ಕೂತು ಕೀಳುವ ಬದಲು ತಗ್ಗಾದ ಮಣೆಯ ಮೇಲೆ ಕೂತು ಕಿತ್ತರೆ ಮಂಡಿಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ; ಗೊಬ್ಬರದ ಬುಟ್ಟಿಯನ್ನು ಮೈಗೆ ಹತ್ತಿರ ಹಿಡಿದೆತ್ತಿದರೆ ಸೊಂಟಕ್ಕೆ ಬೀಳುವ ಹೊರೆ ಕಡಿಮೆಯಾಗುತ್ತದೆ; ಹನಿ ನೀರಾವರಿಯಿದ್ದರೆ ಬಿಂದಿಗೆ ಹೊರುವ ಶ್ರಮವೇ ತಪ್ಪುತ್ತದೆ. ದೇಹದ ಚಿಕಿತ್ಸೆ ಮತ್ತು ತೋಟಗಾರಿಕೆ, ಈ ಎರಡು ವಿದ್ಯೆಗಳ ನಂಟು ಬೆಂಗಳೂರಿಗೆ ಹೊಸದೂ ಅಲ್ಲ: ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ಈಗ ಎಪಿಡಿ ಎಂದು ಹೆಸರಾಗಿರುವ ಅಂಗವಿಕಲರ ಸಂಸ್ಥೆ ಚಿಕಿತ್ಸೆಯ ಜೊತೆಗೆ ತೋಟಗಾರಿಕೆಯ ತರಬೇತಿಯನ್ನೂ ನೀಡುತ್ತ ಬಂದು, ದೇಹಕ್ಕೆ ಮಿತಿಗಳಿದ್ದವರೂ ಮಣ್ಣಿನ ಕೆಲಸದಿಂದ ಜೀವನೋಪಾಯ ಕಂಡುಕೊಳ್ಳುವ ದಾರಿಯನ್ನು ತೆರೆದಿದೆ.