ಅಪ್ಪನ ಜೋಡೆತ್ತು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅಪ್ಪನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರ ನಾನು ಊಟ ಮಾಡದೆ ಕಾಯುತ್ತಿದ್ದೆ. ಹತ್ತು ಗಂಟೆಗೆ ಕೆಲಸ ಬಿಟ್ಟರೆ ಹತ್ತೂವರೆಗೆಲ್ಲ ಸೈಕಲ್ ಮನೆ ಮುಂದೆ. ಬೇಸಿಗೆ ರಜೆಯ ಅಂಥ ಒಂದು ರಾತ್ರಿ ಅಪ್ಪ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಕೆಮ್ಮಣ್ಣುಗುಂಡಿಯ ದಿಕ್ಕಿಗೆ ಕೈ ತೋರಿಸಿದ. "ಅಲ್ನೋಡು ಮಗಾ, ಜೋಡೆತ್ತು." ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟಗಳ ಮೇಲೆ ಎರಡು ನಕ್ಷತ್ರ ಅಕ್ಕಪಕ್ಕ ಹೊಳೆಯುತ್ತಿದ್ದವು. ಆ ಹೆಸರು ಯಾವ ಪುಸ್ತಕದ್ದೂ ಅಲ್ಲ, ಅಪ್ಪನೇ ಇಟ್ಟದ್ದು.

ಆ ಜೋಡಿ ಜೋಡಿಯೇ ಅಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಬಲಗಡೆಯದು ಬೀಟಾ ಸೆಂಟಾರಿ, ನಮ್ಮಿಂದ ಸುಮಾರು 390 ಜ್ಯೋತಿರ್ವರ್ಷ ದೂರ. ಎಡಗಡೆಯದು ಆಲ್ಫಾ ಸೆಂಟಾರಿ, ಬರೀ 4.37. ಒಂದೇ ನೊಗಕ್ಕೆ ಕಟ್ಟಿದಂತೆ ಕಂಡರೂ ಒಂದಕ್ಕೊಂದು ನಂಟಿಲ್ಲ. ನಾವು ನಿಂತು ನೋಡುವ ಕಡೆಯಿಂದ ಪಕ್ಕಪಕ್ಕ ಬಿದ್ದಿವೆ, ಅಷ್ಟೆ. ನಿಜವಾದ ಜೋಡಿಯೊಂದು ಎಡಗಡೆಯ ಆ ಒಂದೇ ಚುಕ್ಕಿಯೊಳಗಿದೆ.

ಶಿವಮೊಗ್ಗದ ಗೆಳೆಯರೊಬ್ಬರ ತಾರಸಿಯಲ್ಲಿ ಮೂರಿಂಚಿನ ದೂರದರ್ಶಕಕ್ಕೆ ಕಣ್ಣಿಟ್ಟಾಗ ಮೊದಲು ಕಂಡದ್ದು ಹರಿಯುವ ನೀರಿನ ತಳದ ಕಾಸಿನಂತೆ ಅಲುಗಾಡುವ ಹಳದಿ ಬೆಳಕು. ಒಂದು ಕ್ಷಣ ಅಲುಗಾಟ ನಿಂತಿತು. ಎರಡು ಚುಕ್ಕಿ! ಒಂದು ಹೆಚ್ಚು ಪ್ರಖರ, ಇನ್ನೊಂದು ತುಸು ಮಂಕು, ನಡುವೆ ಕೂದಲೆಳೆಯಷ್ಟು ಕತ್ತಲು. ಮತ್ತೆ ಕಲಸಿಹೋಯಿತು. ಆ ಎಳೆಗಾಗಿ ನಾನು ಒಂದು ಗಂಟೆ ಅಲ್ಲೇ ಬಗ್ಗಿ ನಿಂತಿದ್ದೆ.

ಈ ಎರಡನ್ನು ಮೊದಲು ಬೇರೆಬೇರೆಯಾಗಿ ಕಂಡದ್ದೂ ನಮ್ಮ ದಕ್ಷಿಣದಲ್ಲೇ. 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಫ್ರೆಂಚ್ ಪಾದ್ರಿ ರಿಶೋ, ಈ ನಕ್ಷತ್ರ ಒಂದಲ್ಲ, ಎರಡು ಎಂದು ಗುರುತಿಸಿದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು 1984ರಲ್ಲಿ ಅವರ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಆ ಎರಡು ಚುಕ್ಕಿಗಳಲ್ಲಿ ಒಂದು ನಮ್ಮ ಸೂರ್ಯನಿಗಿಂತ ತುಸು ಹೆಚ್ಚು ತೂಕದ್ದು, ಇನ್ನೊಂದು ತುಸು ಕಡಿಮೆಯದು. ಹತ್ತಿರ ಬಂದಾಗ ಅವುಗಳ ನಡುವೆ ಸೂರ್ಯನಿಂದ ಶನಿಗ್ರಹಕ್ಕೆ ಇರುವುದಕ್ಕಿಂತ ಸ್ವಲ್ಪ ಹೆಚ್ಚು ದೂರ. ಸರಿದಾಗ ನೆಪ್ಚೂನಿನ ದೂರವನ್ನೂ ಮೀರುತ್ತದೆ. ಒಂದು ಸುತ್ತಿಗೆ ಸುಮಾರು 80 ವರ್ಷ. ಅಪ್ಪ ಬದುಕಿದ್ದು 79.

ತುಂಗಾ, ಭದ್ರಾ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುತ್ತವೆ. ಜೊತೆಗೇ ಹುಟ್ಟಿದ ನೇತ್ರಾವತಿ ಮಾತ್ರ ಘಟ್ಟ ಇಳಿದು ಪಡುವಣಕ್ಕೆ ಹೋಯಿತು ಎನ್ನುವುದು ನಮ್ಮ ಕಡೆಯ ಮಾತು. ಆಲ್ಫಾ ಸೆಂಟಾರಿಯಲ್ಲೂ ದೂರ ಸರಿದ ಮೂರನೆಯದೊಂದಿದೆ: ಪ್ರಾಕ್ಸಿಮಾ. 1915ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ರಾಬರ್ಟ್ ಇನ್ಸ್ ಕಂಡುಹಿಡಿದ ಈ ಕೆಂಪು ಕುಬ್ಜ ಬರಿಗಣ್ಣಿಗೆ ಕಾಣದು. ಆದರೂ 4.24 ಜ್ಯೋತಿರ್ವರ್ಷ ದೂರದ ಇದೇ, ಸೂರ್ಯನನ್ನು ಬಿಟ್ಟರೆ, ನಮಗೆ ಅತಿ ಹತ್ತಿರದ ನಕ್ಷತ್ರ. ನೇತ್ರಾವತಿಯ ಹಾಗೆ ಬಿಟ್ಟು ಹೋಗಿಲ್ಲ. ಆ ಜೋಡಿಯನ್ನು ಸುಮಾರು ಐದೂವರೆ ಲಕ್ಷ ವರ್ಷಕ್ಕೊಮ್ಮೆ ಸುತ್ತುತ್ತದೆ. ಅದಕ್ಕೊಂದು ಗ್ರಹವಿದೆ ಎಂದು 2016ರಲ್ಲಿ ಗೊತ್ತಾಯಿತು. ಅಲ್ಲಿ ವರ್ಷವೆಂದರೆ ಹನ್ನೊಂದು ದಿನ ಚಿಲ್ಲರೆ.

ಕಾಶ್ಮೀರದಲ್ಲಿ ಆಲ್ಫಾ ಸೆಂಟಾರಿ ಹುಟ್ಟುವುದೇ ಇಲ್ಲ. ನಮ್ಮಲ್ಲೂ ತುಂಬ ಮೇಲೇರದು, ಹದಿನೈದು ಡಿಗ್ರಿ ಅಷ್ಟೆ. ಕೈ ನೀಡಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಶಿವಮೊಗ್ಗದ ಬೀದಿದೀಪ, ಕಟ್ಟಡಗಳ ನಡುವೆ ಸಿಗುವುದು ಕಷ್ಟ. ಭದ್ರಾವತಿ ದಾಟಿ ತರೀಕೆರೆ ಕಡೆಯ ಗದ್ದೆ ಬಯಲಿಗೆ ಬನ್ನಿ. ಮೇ ತಿಂಗಳ ನಡುವೆ, ಸಂಜೆ ಮಳೆ ಬಂದು ಧೂಳು ಕೂತ ರಾತ್ರಿ, ಹನ್ನೊಂದೂವರೆಗೆ ನೇರ ದಕ್ಷಿಣಕ್ಕೆ ನೋಡಿ. ಬಲಗಡೆ ವಾಲಿಕೊಂಡ ತ್ರಿಶಂಕು ನಕ್ಷತ್ರಪುಂಜ, ಅದರ ಎಡಕ್ಕೆ ಎರಡು ಚುಕ್ಕಿ. ಎಡಗಡೆಯ ಎತ್ತನ್ನು ನೋಡಿ. ದೂರದರ್ಶಕ ಇದ್ದವರು ಬೇಸಿಗೆ ಬೇಸಿಗೆಗೂ ನೋಡಿ. 2029ರವರೆಗೆ ಆ ಕತ್ತಲಿನ ಎಳೆ ಅಗಲವಾಗುತ್ತಾ ಹೋಗುತ್ತದೆ.