ನೂಲಿನಂತೆ ಸೀರೆ, ತಾಯಿಯಂತೆ ಮಗಳು

“ಆರೋಗ್ಯವೇ ಭಾಗ್ಯ” ಎಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಓದಿ ಬೆಳೆದವರು ನಾವು. ಅದನ್ನು ತಿರುಗಿಸಿ ಓದುವ ಧೈರ್ಯ ಮಾಡಿದವರು ವಿರಳ. “ಭಾಗ್ಯವಿದ್ದವರಿಗೇ ಆರೋಗ್ಯ” ಎಂದು ಓದಿದರೆ ಕಿವಿಗೆ ಕಹಿಯೆನಿಸುತ್ತದೆ. ಆದರೆ ಕಣ್ತೆರೆದು ನೋಡಿದವರಿಗೆ ಅದರಲ್ಲಿಯೂ ಸತ್ಯವಿರುವುದು ತಿಳಿಯದೆ ಇರದು.

ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ—ಇವು ಒಂದೇ ಜಿಲ್ಲೆಯ ಊರುಗಳು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದಾಗ ಇವೆಲ್ಲವೂ ಅದರ ಮಡಿಲಿಗೆ ಬಂದವು. ಕುಮಾರವ್ಯಾಸನ ವೀರನಾರಾಯಣ, ಪುಲಿಗೆರೆಯ ಸೋಮೇಶ್ವರ, ಶಿರಹಟ್ಟಿಯ ಫಕೀರೇಶ್ವರ, 1858ರಲ್ಲಿ ಬಂಡೆದ್ದ ಮುಂಡರಗಿ ಭೀಮರಾಯ—ಹೀಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಈ ನೆಲಕ್ಕೆ ಬೇಕಾದಷ್ಟಿದೆ. ಬಸ್ಸು ಹತ್ತಿದರೆ ಒಂದೆರಡು ತಾಸಿನಲ್ಲಿ ಒಂದೂರಿನಿಂದ ಇನ್ನೊಂದೂರನ್ನು ಸೇರಬಹುದು. ಆದರೆ ಇದೇ ನೆಲದಲ್ಲಿ ಒಂದು ಮನೆಯ ಕೂಸಿಗೂ ಇನ್ನೊಂದು ಮನೆಯ ಕೂಸಿಗೂ ನಡುವೆ ಇರುವ ದೂರವನ್ನು ಯಾವ ಬಸ್ಸೂ ಕ್ರಮಿಸಲಾರದು. ಆ ದೂರವು ಹುಟ್ಟುವ ಮುನ್ನವೇ ಆರಂಭವಾಗಿ ಮುಪ್ಪಿನವರೆಗೆ ಬೆಳೆಯುತ್ತ ಹೋಗುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಗರ್ಭದಲ್ಲಿಯೇ ಆರಂಭ

ಮೊದಲು ಮೈಸೂರಿನ ಒಂದು ಸಂಗತಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ದಪ್ಪ ದಪ್ಪ ದಫ್ತರಗಳಲ್ಲಿ ಬರೆದಿಡುತ್ತಿದ್ದರು. ಆ ದಫ್ತರಗಳ ಆಧಾರದಿಂದ ಸಂಶೋಧಕರು 1934ರಿಂದ 1954ರವರೆಗೆ ಅಲ್ಲಿ ಜನಿಸಿದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ತಪಾಸಣೆ ಮಾಡಿದರು; 1996ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ನಡುವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಕುಸಿಯುವ ಮನುಷ್ಯನ ರೋಗದ ಬೇರನ್ನು, ಐವತ್ತು ವರ್ಷಗಳ ಹಿಂದೆ ಅವನ ತಾಯಿ ಉಂಡ, ಅಥವಾ ಉಣ್ಣದೆ ಉಳಿದ, ತುತ್ತಿನಲ್ಲಿಯೂ ಹುಡುಕಬೇಕಾಗಬಹುದು ಎಂಬುದು ಇದರ ಸೂಚನೆ.

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ಬೆಟಗೇರಿಯ ನೇಕಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ನೂಲು ಬಲವಿಲ್ಲದಿದ್ದರೆ ಎಷ್ಟೇ ಜಾಣನ ಕೈಯಲ್ಲಿಯೂ ಸೀರೆ ಬಾಳಿಕೆ ಬರದು. ನಾವು ಈ ಗಾದೆಯನ್ನು ಗುಣನಡತೆಗೆ ಅನ್ವಯಿಸುತ್ತ ಬಂದೆವು. ವೈದ್ಯಶಾಸ್ತ್ರವು ಅದನ್ನು ರಕ್ತಮಾಂಸಗಳಿಗೂ ಅನ್ವಯಿಸಿ ತೋರಿಸಿದೆ. ರಕ್ತಹೀನಳಾದ ತಾಯಿಗೆ ಕಡಿಮೆ ತೂಕದ ಮಗಳು. ಆ ಮಗಳು ಬೆಳವಣಿಗೆ ಕುಂಠಿತಳಾಗಿ ಚಿಕ್ಕ ವಯಸ್ಸಿನಲ್ಲಿಯೇ ತಾಯಾದರೆ ಮತ್ತೆ ಕಡಿಮೆ ತೂಕದ ಕೂಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು.

ಉಳ್ಳವರ ಮನೆಯಲ್ಲಿ ಮಗಳಿಗೆ ಕುಬಸ ಮಾಡುತ್ತಾರೆ. ಹೆರಿಗೆಯಾದ ಮೇಲೆ ಅಂಟಿನುಂಡಿ, ತುಪ್ಪ, ಬಿಸಿನೀರಿನ ಎರಕ, ತಿಂಗಳುಗಟ್ಟಲೆ ವಿಶ್ರಾಂತಿ. ಈ ಸಂಪ್ರದಾಯದಲ್ಲಿ ದೊಡ್ಡ ವಿವೇಕವಿದೆ. ಆದರೆ ಹೊಲದ ಕೂಲಿಗೆ ಹೋಗುವವಳು ಏಳು ತಿಂಗಳ ಬಸುರಿಯಾಗಿಯೂ ಕಳೆ ಕೀಳುತ್ತಾಳೆ. ಹಡೆದ ಮೇಲೆ ಕೂಸನ್ನು ಬದುವಿನ ಜೋಳಿಗೆಯಲ್ಲಿ ಮಲಗಿಸಿ ಮತ್ತೆ ಸಾಲು ಹಿಡಿಯುತ್ತಾಳೆ. ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ಅವಳ ಪಾಲು. ಬಾಣಂತನವೆಂಬುದು ಒಬ್ಬಳಿಗೆ ಹಕ್ಕು, ಇನ್ನೊಬ್ಬಳಿಗೆ ಕೈಗೆಟುಕದ ಐಶ್ವರ್ಯ.

ನೀರಿನಲ್ಲಿಯೂ ಭೇದ

ಕೂಸು ಬೆಳೆದು ಅಂಗಳಕ್ಕಿಳಿಯುತ್ತದೆ. ಮುಂಡರಗಿ ಸೀಮೆಯಲ್ಲಿ ಅದಕ್ಕೆ ಎದುರಾಗುವ ಶತ್ರು ಕಣ್ಣಿಗೆ ಕಾಣುವಂಥದಲ್ಲ. ಅದು ಕೊಳವೆಬಾವಿಯ ತಿಳಿನೀರಿನಲ್ಲಿ ಅಡಗಿರುತ್ತದೆ. ನೆಲದಾಳದ ಶಿಲೆಗಳಿಂದ ಕರಗಿ ಬರುವ ಫ್ಲೋರೈಡ್ ಎಂಬ ಲವಣಾಂಶವು ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಈ ತಾಲೂಕಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಎಳೆಯ ಪ್ರಾಯದಲ್ಲಿ ಇಂತಹ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ; ತಿಕ್ಕಿದರೆ ಹೋಗುವ ಕಲೆಗಳಲ್ಲ ಅವು. ವರ್ಷಾನುವರ್ಷ ಕುಡಿಯುತ್ತ ಹೋದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ನೀರನ್ನು ಕಾಯಿಸಿದರೆ ಈ ದೋಷ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಭೂಮಿಯ ಗುಣಕ್ಕೂ ಸಾಮಾಜಿಕ ಅಸಮಾನತೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ನೀರು ಎಲ್ಲರಿಗೂ ಒಂದೇ. ಅದನ್ನು ತಡೆದುಕೊಳ್ಳುವ ಶಕ್ತಿ ಒಂದೇ ಅಲ್ಲ. ಹಾಲು, ಮೊಸರು, ಸೊಪ್ಪು, ಹಣ್ಣುಗಳಿಂದ ಸುಣ್ಣದ ಅಂಶವೂ ಜೀವಸತ್ವಗಳೂ ದೊರೆಯುವ ದೇಹಕ್ಕೆ ಫ್ಲೋರೈಡಿನ ಹೊಡೆತ ಕಡಿಮೆ. ಬರೀ ರೊಟ್ಟಿ–ಖಾರದ ಮೇಲೆ ಬೆಳೆದ ದೇಹಕ್ಕೆ ಹೆಚ್ಚು. ಶುದ್ಧ ನೀರಿನ ಘಟಕಕ್ಕೆ ಮೋಟಾರುಸೈಕಲ್ಲಿನ ಮೇಲೆ ಹೋಗಿ ದಿನಕ್ಕೊಂದು ಕ್ಯಾನು ತರುವ ಮನೆಗೂ, ಕೂಲಿಯ ಹೊತ್ತು ಕಳೆದುಕೊಂಡು ಸರತಿಯಲ್ಲಿ ನಿಲ್ಲಲಾರದ ಮನೆಗೂ ವ್ಯತ್ಯಾಸವಿಲ್ಲವೇ? ಇದೇ ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿಯ ಬಳಿ ಅವಳಿಗೆ ತಡೆಗೋಡೆ ಕಟ್ಟಲಾಗಿದೆ. ನದಿಯ ನೀರು ಕೊಳವೆಯಲ್ಲಿ ನಿಯಮಿತವಾಗಿ ತಲುಪಿದ ಹಳ್ಳಿಯ ಮಕ್ಕಳ ಹಲ್ಲು ಬೆಳ್ಳಗಿರಬಹುದು. ಕೊಳವೆ ಒಡೆದು ಮತ್ತೆ ಕೊಳವೆಬಾವಿಗೇ ಮರಳಿದ ಹಳ್ಳಿಗೆ ಆ ಭರವಸೆಯಿಲ್ಲ.

ಪಟ್ಟಣವಾಸಿಗಳಾದರೂ ಬೀಗುವಂತಿಲ್ಲ. ವಾರಗಟ್ಟಲೆ ನಳದ ನೀರಿಗೆ ಕಾದ ಅನುಭವ ಗದಗ–ಬೆಟಗೇರಿಗೆ ಹೊಸದಲ್ಲ. ನೆಲದೊಳಗೆ ದೊಡ್ಡ ತೊಟ್ಟಿ ಕಟ್ಟಿಸಿದವರಿಗೆ ಅದು ಕಿರಿಕಿರಿ. ಎರಡು ಕೊಡ, ಒಂದು ಪೀಪಾಯಿ ಇರುವವರಿಗೆ ಅದು ರೋಗ. ದಿನಗಟ್ಟಲೆ ತೆರೆದಿಟ್ಟ ನೀರಿನಲ್ಲಿಯೇ ಅಲ್ಲವೇ ಡೆಂಗ್ಯೂ ಜ್ವರದ ಸೊಳ್ಳೆ ಮೊಟ್ಟೆಯಿಡುವುದು!

ಅರ್ಧಕ್ಕೆ ನಿಂತ ಪಾಟಿಚೀಲ

ಶಿರಹಟ್ಟಿ, ಮುಂಡರಗಿಗಳ ಕಪ್ಪತಗುಡ್ಡದ ಸೆರಗಿನಲ್ಲಿಯೂ ಸುತ್ತಲಿನ ಬಯಲಿನಲ್ಲಿಯೂ ಲಂಬಾಣಿ ತಾಂಡಾಗಳಿವೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯಿಲ್ಲ, ಸುಗ್ಗಿಯಿಲ್ಲದಿದ್ದರೆ ಗುಳೆ. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಟ ದಂಪತಿಗಳ ಮುಂದೆ ಎರಡೇ ದಾರಿ: ಮಕ್ಕಳನ್ನು ಕಟ್ಟಡದ ಮರಳುಗುಡ್ಡೆಯ ಮೇಲೆ ಬೆಳೆಸುವುದು, ಇಲ್ಲವೆ ತಾಂಡಾದಲ್ಲಿ ಅಜ್ಜಿಯ ಬಳಿ ಬಿಡುವುದು. ಮೊದಲನೆಯದರಲ್ಲಿ ಅಂಗನವಾಡಿಯ ಆಹಾರವೂ ಲಸಿಕೆಯೂ ಶಾಲೆಯೂ ತಪ್ಪುತ್ತವೆ. ಎರಡನೆಯದರಲ್ಲಿ ತಾಯಿಯೇ ತಪ್ಪುತ್ತಾಳೆ.

ಬೆಳೆದ ಹುಡುಗಿಯನ್ನು ಬಿಟ್ಟು ಹೋಗುವುದು ಹೇಗೆಂಬ ಭಯವೇ ಎಷ್ಟೋ ಬಾಲ್ಯವಿವಾಹಗಳಿಗೆ ಮೂಲ. ಅದನ್ನು ಬರಿಯ ಮೌಢ್ಯವೆಂದು ಜರೆಯುವುದು ಸುಲಭ. ಕಾನೂನುಗಳೇನೋ ಬಂದವು: 1929ರ ಶಾರದಾ ಕಾಯಿದೆ ಹುಡುಗಿಗೆ 14 ವರ್ಷವೆಂದಿತು; 1978ರ ತಿದ್ದುಪಡಿ ಅದನ್ನು 18ಕ್ಕೇರಿಸಿತು; 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದಿತು. ಆದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 21 ಮಂದಿ, 18 ತುಂಬುವ ಮುನ್ನವೇ ಮದುವೆಯಾದವರೆಂದು ಕಂಡುಬಂದಿತು. ಹೈಸ್ಕೂಲು ದೂರವಿದ್ದಲ್ಲಿ, ವಸತಿನಿಲಯದಲ್ಲಿ ಸ್ಥಳವಿಲ್ಲದಲ್ಲಿ, ತಂದೆತಾಯಿ ಊರಲ್ಲಿಲ್ಲದಲ್ಲಿ ಕಾನೂನಿನ ಕೈ ನಿಧಾನವಾಗಿ ಚಲಿಸುತ್ತದೆ. ಮುಹೂರ್ತ ಮಾತ್ರ ಬೇಗ ಬರುತ್ತದೆ.

ಕುಣಿಮಗ್ಗದ ಬದುಕು

ದುಡಿಯುವ ವಯಸ್ಸಿಗೆ ಬರೋಣ. ಬೆಟಗೇರಿಯ ಕುಣಿಮಗ್ಗದಲ್ಲಿ ಕಾಲನ್ನು ಕುಣಿಗಿಳಿಬಿಟ್ಟು, ಬೆನ್ನು ಬಾಗಿಸಿ, ಲಾಳಿ ಎಸೆಯುತ್ತ ಕುಳಿತವನ ಸೊಂಟಕ್ಕೂ ಮೊಣಕಾಲಿಗೂ ಕಣ್ಣಿಗೂ ವಿಶ್ರಾಂತಿಯಿಲ್ಲ. ಕಂಡಿಕೆ ಸುತ್ತುವ ಹೆಂಡತಿಯ, ನೂಲು ಬಿಡಿಸುವ ಮಗಳ ದುಡಿಮೆಗೆ ಪ್ರತ್ಯೇಕ ಕೂಲಿಯೇ ಇಲ್ಲ; ಸೀರೆಯ ಮಜೂರಿಯಲ್ಲಿ ಅದು ಕಾಣದಂತೆ ಸೇರಿಹೋಗುತ್ತದೆ. ಹತ್ತಿಯ ಪೇಟೆಯಾಗಿ ಹೆಸರಾದ ಗದುಗಿನಲ್ಲಿ ಜಿನ್ನಿಂಗ್ ಗಿರಣಿಯ ಧೂಳಿನ ಕಥೆಯೂ ಅಂಥದೇ. ಹತ್ತಿಯ ಧೂಳು ಕುಡಿದ ಶ್ವಾಸಕೋಶಕ್ಕೆ ಬರುವ ಬೇನೆಗೆ ಬಿಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುವುದು ಅದರ ಮೊದಲ ಲಕ್ಷಣ.

ಇಂತಹ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಏನಾಗುತ್ತದೆ? ಸಂಬಳದ ರಜೆಯಿಲ್ಲ. ಮೊದಲು ಮೂಗುತಿ–ಬೆಂಡೋಲೆಗಳು ಹೋಗುತ್ತವೆ, ಆಮೇಲೆ ಬಡ್ಡಿಯ ಸಾಲ, ಆಮೇಲೆ ಮಗಳ ಶಾಲೆ. ತಂದೆಯ ರೋಗವು ಮಗಳ ಓದನ್ನು ನುಂಗಿ, ಮುಂದೆ ಅವಳ ಕೂಸಿನ ತೂಕವನ್ನೂ ನುಂಗುತ್ತದೆ. ರೋಗವು ಬಡತನವನ್ನು ಹೆರುತ್ತದೆ. ಬಡತನವು ಮತ್ತೆ ರೋಗವನ್ನು ಹೆರುತ್ತದೆ.

ಇದಕ್ಕೆ ಮದ್ದೇ ಇಲ್ಲವೇ? ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ, ಬಡ್ಡಿಯ ಉರುಳಿನಿಂದ ಪಾರಾಗುವ ದಾರಿಯನ್ನು ನಾಡಿಗೇ ತೋರಿಸಿದರು. ಆ ಸಹಕಾರದ ತತ್ತ್ವವೇ ಸುಮಾರು ನೂರು ವರ್ಷಗಳ ತರುವಾಯ, 2003ರಲ್ಲಿ, ಸಹಕಾರಿಗಳಿಗೆ ಶಸ್ತ್ರಚಿಕಿತ್ಸೆಯ ನೆರವು ನೀಡುವ ಯಶಸ್ವಿನಿ ಯೋಜನೆಯಾಗಿ ರೂಪ ತಳೆಯಿತು. 2018ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಲೀನವಾಯಿತು; 2022ರಲ್ಲಿ ಮತ್ತೆ ಜೀವ ಪಡೆಯಿತು.

ಬಾಗಿದ ಬೆನ್ನು

ನೌಕರಿಯಲ್ಲಿದ್ದವನಿಗೆ ಅರವತ್ತರಲ್ಲಿ ನಿವೃತ್ತಿ, ಹಾರ, ಭಾಷಣ. ಹೊಲದ ಆಳಿಗೆ ನಿವೃತ್ತಿಯನ್ನು ಕೊಡುವುದು ದೇಹವೇ. ಅದೂ ಎಷ್ಟೋ ವೇಳೆ ಐವತ್ತಕ್ಕೇ. ಕಣ್ಣಿನ ಪೊರೆ ತೆಗೆಸಲು ಜತೆಗೊಬ್ಬರು ಬರಬೇಕು. ಬರುವ ಮಗನಿಗೆ ಆ ದಿನದ ಕೂಲಿ ಹೋಗುತ್ತದೆ. ಆದುದರಿಂದ “ಮುಂದಿನ ಅಮಾವಾಸ್ಯೆಗೆ ನೋಡೋಣ” ಎಂದು ವರ್ಷಗಳುರುಳುತ್ತವೆ.

ಅಂಗವೈಕಲ್ಯವೇ ಹಣೆಬರಹವಲ್ಲವೆಂಬುದಕ್ಕೆ ಗದುಗಿನಲ್ಲಿಯೇ ಭವ್ಯವಾದ ನಿದರ್ಶನವಿದೆ. ಅಂಧರಾದ ಪಂಚಾಕ್ಷರಿ ಗವಾಯಿಗಳೂ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಕೊಟ್ಟರು. ಬೀದಿಯಲ್ಲಿ ಕೈಯೊಡ್ಡಬೇಕಾಗಿದ್ದ ಎಷ್ಟೋ ಮಕ್ಕಳು ಗಾಯಕರಾಗಿ ಸಭೆಯಲ್ಲಿ ಕುಳಿತರು. ಕಣ್ಣು ಮರಳಲಿಲ್ಲ, ಆದರೆ ಕಣ್ಣಿಲ್ಲದಿರುವುದಕ್ಕೆ ಸಮಾಜವು ಹಾಕಿದ್ದ ದಂಡ ರದ್ದಾಯಿತು. ಆಶ್ರಮದ ದೊಡ್ಡ ಪಾಠವೇ ಅದು.

ಮೆಟ್ಟಿಲುಗಳ ಲೆಕ್ಕ

“ಇದು ಬಡವರ ಮಾತಾಯಿತು, ನಮಗೇನು?” ಎಂದು ಮಧ್ಯಮ ವರ್ಗದ ಗೃಹಸ್ಥರು ನಿಶ್ಚಿಂತರಾಗಬೇಕಾಗಿಲ್ಲ. 1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳ ನೌಕರರನ್ನು ಕುರಿತು ಒಂದು ಅಧ್ಯಯನ ಆರಂಭವಾಯಿತು. ಅವರಾರೂ ಉಪವಾಸವಿದ್ದವರಲ್ಲ. ಆದರೂ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಮೂರು ಪಟ್ಟಿನಷ್ಟಿತ್ತು. ನಡುವಿನ ದರ್ಜೆಯವರು ನಡುವೆಯೇ ಇದ್ದರು. ಆರೋಗ್ಯವೆಂಬುದು ಮೆಟ್ಟಿಲುಗಳ ಸಾಲು. ಪ್ರತಿಯೊಬ್ಬನೂ ತನಗಿಂತ ಮೇಲಿನ ಮೆಟ್ಟಿಲಿನವನಿಗಿಂತ ಕೊಂಚ ಹೆಚ್ಚು ರೋಗಕ್ಕೆ ಗುರಿ. ನಮ್ಮ ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ: 2019–21ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಅತ್ಯಂತ ಬಡ ಮನೆಗಳಲ್ಲಿ ನೂರಕ್ಕೆ 46, ಅತ್ಯಂತ ಸಿರಿವಂತರಲ್ಲಿಯೂ 23.

ಹಾಗೆಂದು ನಿರಾಶರಾಗಬೇಕಾಗಿಲ್ಲ. 1992–93ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 65 ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2019–21ರ ಹೊತ್ತಿಗೆ ಅದು 25ಕ್ಕಿಳಿಯಿತು. ಶಾಲೆಯ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಬಸುರಿ–ಬಾಣಂತಿಯರಿಗೆ ಅಂಗನವಾಡಿಯ ಊಟ, ಆಶಾ ಕಾರ್ಯಕರ್ತೆಯರ ನಡಿಗೆ—ಇವೆಲ್ಲ ಹಳೆಯ ನೂಲಿಗೆ ಹೊಸ ಹುರಿ ಕೊಡುವ ಕೆಲಸಗಳು.

ನಾವೇನು ಮಾಡಬಹುದು?

ಸರ್ಕಾರದ ಕೆಲಸ ಸರ್ಕಾರದ್ದು. ಮನೆಯ ಕೆಲಸ ಮನೆಯದು. ನಮ್ಮ ಮನೆಯ ಪಾತ್ರೆ ತೊಳೆಯಲು ಬರುವವಳು ಬಸುರಿಯಾದಾಗ “ಬೇರೆಯವಳನ್ನು ನೋಡಿಕೊಳ್ಳಬೇಕು” ಎಂಬುದೇ ನಮ್ಮ ಮೊದಲ ಯೋಚನೆಯಾಗುತ್ತದಲ್ಲವೇ? ಮಗಳ ಬಾಣಂತನಕ್ಕೆ ಐದು ತಿಂಗಳೂ ಕಡಿಮೆಯೆನ್ನುವ ನಾವು, ಅವಳಿಗೆ ಎರಡು ತಿಂಗಳ ಸಂಬಳವನ್ನು ರಜೆಯೊಡನೆ ಕೊಟ್ಟು, ಕೆಲಸವನ್ನು ಅವಳಿಗಾಗಿಯೇ ಉಳಿಸಿದರೆ, ಅಂಟಿನುಂಡಿಯ ಡಬ್ಬಿಯಿಂದ ನಾಲ್ಕು ಉಂಡಿಗಳನ್ನು ಅವಳ ಮನೆಗೂ ಕಳಿಸಿದರೆ, ಅದು ದಾನವಲ್ಲ, ನ್ಯಾಯ. ಅವಳ ಮಗಳು ಏಳನೆಯ ಇಯತ್ತೆಯ ಮುಂದೆಯೂ ಶಾಲೆಗೆ ಹೋಗುತ್ತಿರುವಳೇ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ. ಹೋಗುತ್ತಿಲ್ಲವಾದರೆ ಮಾತ್ರ ಕೇಳಿ ಸುಮ್ಮನಾಗಲು ಬರುವುದಿಲ್ಲ. ಅಲ್ಲಿಂದಲೇ ನಮ್ಮ ಪಾಲಿನ ಕೆಲಸ ಆರಂಭವಾಗುತ್ತದೆ.